ಕಡಲಡಿಯ ನಕ್ಷೆ ಯಾರ ಕೈಯಲ್ಲಿರಬೇಕು?

ನೆಲದ ಮೇಲೆ ಬೇಸಾಯ ಮಾಡುವವನು ತನ್ನ ಹೊಲವನ್ನು ಕಣ್ಣಾರೆ ಕಾಣುತ್ತಾನೆ. ಮರಳು ಎಲ್ಲಿದೆ, ಮುರಕಲ್ಲು ಎಲ್ಲಿದೆ, ನೀರು ನಿಲ್ಲುವ ತಗ್ಗು ಯಾವುದು ಎಂಬುದನ್ನು ಅವನು ನಡೆದು ನೋಡಿ ಅರಿಯಬಲ್ಲನು. ಕಡಲಿನಿಂದ ಬದುಕುವವನಿಗೆ ಈ ಭಾಗ್ಯವಿಲ್ಲ. ಅವನ ಹೊಲದ ಮೇಲೆ ಹತ್ತು ಮಾರು, ಇಪ್ಪತ್ತು ಮಾರು ನೀರು ನಿಂತಿದೆ. ದಡದಿಂದ ನೋಡುವವರಿಗೆ ಕಡಲೆಲ್ಲ ಒಂದೇ ಸಮ; ಆದರೆ ಅದರ ಅಡಿಯಲ್ಲಿ ಬಯಲುಂಟು, ದಿಬ್ಬವುಂಟು, ಕಣಿವೆಯುಂಟು, ಬಂಡೆಗಳ ಸಾಲುಂಟು, ಕೆಸರಿನ ಹರವುಂಟು. ಮೀನು ನೀರಿನಲ್ಲಿದೆ ಎಂಬುದು ದಿಟ. ಆದರೆ ಅನೇಕ ಜಾತಿಯ ಮೀನುಗಳು ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದು ನೀರಿನ ಅಡಿಯ ಆ ನೆಲವೇ.

ಆ ನೆಲವನ್ನು ಬರೆದು ತೋರಿಸುವುದೇ ಕಡಲಡಿಯ ನಕ್ಷೆ. ಹಡಗುಗಳು ಬಂಡೆಗೆ ತಾಗದಿರಲೆಂದು ಹುಟ್ಟಿದ ಈ ನಕ್ಷೆಯನ್ನು ಇಂದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಕಯಾಕ್ ಎಂಬ ಕಿರುದೋಣಿಯಲ್ಲಿ ಒಬ್ಬಂಟಿಯಾಗಿ ಕುಳಿತು ಗಾಳ ಹಾಕುವವರು ಮೀನಿನ ತಾಣಗಳನ್ನು ಹುಡುಕಲು ಬಳಸುತ್ತಿದ್ದಾರೆ. ಇದು ದೂರದ ಉಳ್ಳವರ ರಜಾದಿನದ ವಿನೋದ. ಹೋಟೆಲಿನಲ್ಲಿ ದುಡಿಯುವ, ಕಚೇರಿಯಲ್ಲಿ ಲೆಕ್ಕ ಬರೆಯುವ ನಮಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯವರು. ಅವರ ತಂದೆಯೋ ಸೋದರಮಾವನೋ ಅಣ್ಣನೋ ಇಂದಿಗೂ ಪಾತಿದೋಣಿಯಲ್ಲಿ ಕಡಲಿಗೆ ಇಳಿಯುವವರಿದ್ದಾರೆ. ಅಂಥವರ ಮನೆಗೆ ಇದು ವಿನೋದದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ. ಕಡಲಡಿಯ ತಿಳಿವಳಿಕೆ ಸಾರ್ವಜನಿಕ ಸ್ವತ್ತು; ಅದು ಎಲ್ಲರಿಗಿಂತ ಮೊದಲು ಸಣ್ಣ ದೋಣಿಯವನ ಕೈಗೆ, ಅವನು ಓದಬಲ್ಲ ಭಾಷೆಯಲ್ಲಿ, ಬೆಲೆಯಿಲ್ಲದೆ ಸಿಗಬೇಕು ಎಂಬುದು ನಮ್ಮ ನಿಶ್ಚಿತವಾದ ಅಭಿಪ್ರಾಯ.

ಸಣ್ಣ ದೋಣಿಗೇ ನಕ್ಷೆ ಹೆಚ್ಚು ಬೇಕು

ಕಯಾಕ್ ಹುಟ್ಟಿದ್ದು ವಿನೋದಕ್ಕಾಗಿ ಅಲ್ಲ. ಉತ್ತರ ಧ್ರುವದ ಸುತ್ತಣ ಹಿಮದ ನಾಡುಗಳಲ್ಲಿ ಇನುಯಿಟ್ ಮುಂತಾದ ಜನರು ಮರದ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ತೊಗಲನ್ನು ಬಿಗಿದು ಬೇಟೆಗಾಗಿ ಮಾಡಿಕೊಂಡ ದೋಣಿ ಅದು. ಇಂದು ಅದು ಪ್ಲಾಸ್ಟಿಕ್ಕಿನ ಮೈ ಪಡೆದು ಪ್ರಪಂಚವನ್ನೆಲ್ಲ ಸುತ್ತಿದೆ. ನಮ್ಮ ಸಾಲಿಗ್ರಾಮದ ಬಳಿಯ ಹಿನ್ನೀರಿನಲ್ಲೂ ಪ್ರವಾಸಿಗಳು ಅದರಲ್ಲಿ ಕುಳಿತು ಹುಟ್ಟು ಹಾಕುತ್ತಾರೆ. ಆದರೆ ಅದರ ಮೂಲಗುಣ ಬದಲಾಗಿಲ್ಲ: ಒಬ್ಬ ಮನುಷ್ಯ, ಒಂದು ಹುಟ್ಟು, ಎರಡು ತೋಳು. ನಮ್ಮ ಪಾತಿದೋಣಿಯ ಗುಣವೂ ಇದೇ ಅಲ್ಲವೆ?

ಯಂತ್ರದ ಬೋಟು ಒಂದು ಕಡೆ ಮೀನು ಸಿಗದಿದ್ದರೆ ಇನ್ನೊಂದು ಕಡೆಗೆ ಹೋಗುತ್ತದೆ, ಅಲ್ಲಿಯೂ ಸಿಗದಿದ್ದರೆ ಮತ್ತೊಂದು ಕಡೆಗೆ. ಡೀಸೆಲ್ ಉರಿದ ನಷ್ಟವೊಂದುಂಟು, ಅಷ್ಟೆ. ತೋಳಿನ ಬಲದಿಂದ ಹೋಗುವವನಿಗೆ ಹೀಗೆ ಅಲೆಯಲು ಸಾಧ್ಯವಿಲ್ಲ. ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೋಗಬಲ್ಲವನು ದಡದಿಂದ ಐದು ಕಿಲೋಮೀಟರ್ ದೂರ ಹೋದರೆ ಹಿಂತಿರುಗಲು ಮತ್ತೆ ಒಂದು ಗಂಟೆಯ ಶಕ್ತಿಯನ್ನು ಉಳಿಸಿಕೊಳ್ಳಬೇಕು. ಗಾಳಿ ಎದುರಾದರೆ ಎರಡು ಗಂಟೆಯದನ್ನು. ಆದುದರಿಂದ ಅವನು ಹೊರಡುವ ಮುನ್ನವೇ ಎಲ್ಲಿಗೆ ಹೋಗಬೇಕೆಂಬುದನ್ನು ತಿಳಿದಿರಬೇಕು. ದೋಣಿ ಸಣ್ಣದಾದಷ್ಟೂ ನಕ್ಷೆಯ ಅಗತ್ಯ ದೊಡ್ಡದು.

ನಕ್ಷೆಯಲ್ಲಿ ಅವನು ಏನನ್ನು ನೋಡುತ್ತಾನೆ? ಮೊದಲನೆಯದು ಅಂಕೆ. ನೀರಿನ ಮೇಲೆ ಅಲ್ಲಲ್ಲಿ ಚೆಲ್ಲಿದಂತೆ ಕಾಣುವ ಪ್ರತಿಯೊಂದು ಅಂಕೆಯೂ ಆ ಸ್ಥಳದ ಆಳ. ಅದೂ ಇಳಿತದ ಹೊತ್ತಿನ ಆಳ. ಮುಂಬಯಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಭರತ ಇಳಿತಗಳ ನಡುವೆ ನಾಲ್ಕೈದು ಮೀಟರ್ ವ್ಯತ್ಯಾಸವಿರುತ್ತದೆ, ಮಂಗಳೂರಿನಲ್ಲಿ ಒಂದೂವರೆ ಮೀಟರಿನಷ್ಟು. ಈ ಲೆಕ್ಕವನ್ನು ನೋಡುವವನೇ ಕೂಡಿಸಿಕೊಳ್ಳಬೇಕು. ಎರಡನೆಯದು ಗೆರೆ. ಸಮಾನ ಆಳದ ಸ್ಥಳಗಳನ್ನು ಕೂಡಿಸಿ ಎಳೆದ ಈ ಗೆರೆಗಳು ದೂರ ದೂರ ಇದ್ದರೆ ನೆಲ ಮಟ್ಟಸ. ಒತ್ತೊತ್ತಾಗಿದ್ದರೆ ಅಲ್ಲಿ ನೆಲ ತಟಕ್ಕನೆ ಇಳಿಯುತ್ತದೆ. ಗೆರೆಯೊಂದು ತನ್ನಷ್ಟಕ್ಕೆ ಸುತ್ತಿಕೊಂಡು ಕಿರಿಯ ಅಂಕೆಯೊಂದನ್ನು ಒಳಗಿಟ್ಟುಕೊಂಡಿದ್ದರೆ ಅಲ್ಲಿ ದಿಬ್ಬವಿದೆ ಎಂದು ಅರ್ಥ. ಮೂರನೆಯದು ಅಕ್ಷರ. ಮರಳು, ಕೆಸರು, ಬಂಡೆ, ಚಿಪ್ಪು, ಹವಳ—ಇವುಗಳಲ್ಲಿ ಯಾವುದರ ನೆಲ ಎಂಬುದನ್ನು ಒಂದೆರಡು ಅಕ್ಷರಗಳ ಸಂಕೇತದಿಂದ ನಕ್ಷೆ ತಿಳಿಸುತ್ತದೆ.

ಈ ಮೂರನ್ನು ಓದಬಲ್ಲವನಿಗೆ ಮೀನಿನ ಅಡ್ಡೆ ತಾನಾಗಿ ಕಾಣತೊಡಗುತ್ತದೆ. ಏಕೆಂದರೆ ಇದರ ಹಿಂದೆ ಕಾರಣವಿದೆ. ಕಡಲಿನೊಳಗಣ ಸೆಳೆತವು ದಿಬ್ಬಕ್ಕೋ ಇಳಿಜಾರಿಗೋ ತಾಗಿದಾಗ ಆಳದ ತಣ್ಣೀರು ಮೇಲಕ್ಕೇಳುತ್ತದೆ. ಆ ನೀರಿನಲ್ಲಿ ಗೊಬ್ಬರದಂತಹ ಸತ್ತ್ವವುಂಟು. ಬಿಸಿಲಿಗೆ ಬಂದೊಡನೆ ಅದರಲ್ಲಿ ಕಣ್ಣಿಗೆ ಕಾಣದ ಸಸ್ಯಗಳು ಬೆಳೆಯುತ್ತವೆ, ಅವನ್ನು ತಿನ್ನಲು ಸಣ್ಣ ಜೀವಿಗಳು, ಅವನ್ನು ತಿನ್ನಲು ಬೂತಾಯಿಯಂಥ ಕಿರುಮೀನುಗಳು, ಅವುಗಳ ಬೆನ್ನು ಹತ್ತಿ ಅಂಜಲಿನಂಥ ದೊಡ್ಡ ಮೀನುಗಳು ಬರುತ್ತವೆ. ಬಂಡೆಯ ಸಂದುಗಳು ಮುರು, ಕೆಂಬೇರಿಗಳಿಗೆ ಮನೆ. ಕಾಣೆ ಮರಳು ನೆಲವನ್ನು ಬಯಸುತ್ತದೆ. ಕೆಸರಿನ ಬಯಲು ಸಿಗಡಿಗೂ ನಂಗಿಗೂ ತಾವು. ಬಂಡೆಯ ಮೀನನ್ನು ಕೆಸರಿನ ಬಯಲಿನಲ್ಲಿ ಹುಡುಕುವವನು ದಿನವಿಡೀ ಗಾಳ ಹಾಕಿದರೂ ಬರಿಗೈಯಲ್ಲಿ ಬಂದಾನು.

ಕ್ಯಾಲಿಫೋರ್ನಿಯದ ಸಾನ್ ಡಿಯೇಗೊ ನಗರದ ಲಾ ಹೊಯಾ ಎಂಬ ಕಡಲತೀರ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ದಡದಿಂದ ಕೆಲವೇ ನೂರು ಮೀಟರ್ ದೂರದಲ್ಲಿ ಕಡಲಡಿಯ ಕಣಿವೆಯೊಂದು ಬಾಯ್ದೆರೆದಿದೆ. ಪಕ್ಕದಲ್ಲೇ 1903ರಲ್ಲಿ ಸ್ಥಾಪನೆಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಿರುವುದರಿಂದ ಈ ಕಣಿವೆಯ ಅಂಚು, ಇಳಿಜಾರು, ಕವಲುಗಳೆಲ್ಲ ವಿವರವಾಗಿ ಅಳತೆಗೆ ಒಳಗಾಗಿವೆ. ಮರಳ ದಂಡೆಯಿಂದ ಕಯಾಕನ್ನು ನೀರಿಗಿಳಿಸಿದವನು ಬೇಗನೆ ಕಣಿವೆಯ ಅಂಚಿನ ಮೇಲಿರುತ್ತಾನೆ. ದೊಡ್ಡ ಬೋಟಿನವನು ಹುಡುಕಿಕೊಂಡು ಹೋಗುವ ಆಳದ ಮೀನು ಅವನಿಗೆ ದಡದ ಬಳಿಯಲ್ಲೇ ದೊರೆಯುತ್ತದೆ. ಅಮೆರಿಕದ ಸರಕಾರ ತನ್ನ ಕಡಲ ನಕ್ಷೆಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ಒದಗಿಸುತ್ತದೆ. ಅಲ್ಲಿನ ಕರಾವಳಿ ಅಳತೆಯ ಇಲಾಖೆಗೆ 1807ರಲ್ಲಿ ಅಧ್ಯಕ್ಷ ಜೆಫರ್ಸನ್ನರ ಕಾಲದಲ್ಲಿ ಶಾಸನದ ತಳಹದಿ ಬಿದ್ದಿತು. ಅದೇ ಲಾ ಹೊಯಾದಲ್ಲಿ 2012ರ ಆರಂಭದಿಂದ ಕಡಲಿನ ಒಂದು ಭಾಗವನ್ನು ಯಾರೂ ಮೀನು ಹಿಡಿಯಬಾರದ ಮೀಸಲು ಎಂದು ಕಾದಿರಿಸಲಾಗಿದೆ. ಇಲ್ಲಿ ಹಿಡಿಯಬಹುದು, ಇಲ್ಲಿ ಹಿಡಿಯಕೂಡದು ಎಂಬ ಎರಡು ಮಾತನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಬಹುದು. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಾವು ಇದಕ್ಕೆ ಮರಳುವೆವು.

ಮಾರಿನಿಂದ ಮರುದನಿಗೆ

ಕಡಲಿನ ಆಳವನ್ನು ಅಳೆಯುವ ವಿದ್ಯೆ ಹಿಂದೆ ಎಷ್ಟು ಸರಳವಾಗಿತ್ತೆಂದರೆ ಅದಕ್ಕೆ ಒಂದು ಹಗ್ಗ ಮತ್ತು ಒಂದು ಸೀಸದ ಗುಂಡು ಸಾಕಾಗಿತ್ತು. ನಾವಿಕನು ಗುಂಡನ್ನು ನೀರಿಗೆ ಬಿಟ್ಟು, ಅದು ತಳ ಮುಟ್ಟಿದ ಮೇಲೆ ಹಗ್ಗವನ್ನು ತೋಳು ಚಾಚಿ ಅಳೆಯುತ್ತಿದ್ದನು. ಇಂಗ್ಲಿಷರ ‘ಫ್ಯಾದಮ್’ ಎಂಬ ಅಳತೆ ಚಾಚಿದ ಎರಡು ತೋಳುಗಳ ಉದ್ದದಿಂದ ಬಂದುದು. ನಮ್ಮ ಕನ್ನಡದ ‘ಮಾರು’ ಎಂಬುದೂ ಅದೇ ಅಳತೆ. ಗುಂಡಿನ ಅಡಿಯಲ್ಲಿ ಒಂದು ಗುಳಿ. ಅದರಲ್ಲಿ ಮೆತ್ತಿದ ಕೊಬ್ಬಿಗೆ ತಳದ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿ ಬರುತ್ತಿತ್ತು. ಏನೂ ಅಂಟದಿದ್ದರೆ ಬಂಡೆ ಎಂದು ತಿಳಿಯುತ್ತಿದ್ದರು. ನಕ್ಷೆಯಲ್ಲಿ ಇಂದು ಕಾಣುವ ಅಕ್ಷರಗಳ ಮೂಲ ಹೀಗೆ ಮೇಲೆ ಬಂದ ಹಿಡಿ ಮಣ್ಣು.

ಇಪ್ಪತ್ತನೆಯ ಶತಮಾನದಲ್ಲಿ ಹಗ್ಗದ ಸ್ಥಾನಕ್ಕೆ ಶಬ್ದ ಬಂದಿತು. ಕಡಲನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. ಕೆಳಗೆ ಕಳುಹಿಸಿದ ಸದ್ದು ಒಂದು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿನಷ್ಟು ಕಾಲದಲ್ಲಿ ಮರುದನಿಯಾಗಿ ಬಂದರೆ, ಹೋಗಿ ಬಂದ ದಾರಿ 60 ಮೀಟರ್; ಆದುದರಿಂದ ಆಳ 30 ಮೀಟರ್. ಜರ್ಮನಿಯ ‘ಮಿಟಿಯರ್’ ಹಡಗು 1925ರಿಂದ 1927ರವರೆಗೆ ಈ ರೀತಿಯಲ್ಲಿ ದಕ್ಷಿಣ ಅಟ್ಲಾಂಟಿಕ್ ಸಾಗರವನ್ನು ಅಳೆಯಿತು. ಇಂದು ಒಂದೇ ಸಲಕ್ಕೆ ಹಲವಾರು ದಿಕ್ಕುಗಳಿಗೆ ಸದ್ದು ಕಳುಹಿಸಿ ತಳದ ಅಗಲವಾದ ಪಟ್ಟಿಯನ್ನೇ ಅಳೆಯುವ ಯಂತ್ರಗಳಿವೆ.

ನಮ್ಮ ಗುಮಾಸ್ತ ಬಂಧುಗಳಿಗೆ ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಸಾಗರತಳದ ಚಿತ್ರವನ್ನು ಲೋಕಕ್ಕೆ ಮೊದಲು ಕಾಣಿಸಿಕೊಟ್ಟವರಲ್ಲಿ ಪ್ರಮುಖರಾದ ಮೇರಿ ಥಾರ್ಪ್ ಎಂಬ ಮಹಿಳೆ ಆ ಕೆಲಸವನ್ನು ಮಾಡಿದ್ದು ಮೇಜಿನ ಮುಂದೆ ಕುಳಿತು. ಆ ಕಾಲದಲ್ಲಿ ಸಂಶೋಧನೆಯ ಹಡಗಿಗೆ ಹೆಂಗಸರನ್ನು ಹತ್ತಿಸುತ್ತಿರಲಿಲ್ಲ. ಸಹೋದ್ಯೋಗಿಯಾದ ಬ್ರೂಸ್ ಹೀಜನ್ ಮುಂತಾದವರು ಹಡಗುಗಳಿಂದ ತಂದ ಸಾವಿರಾರು ಅಂಕೆಗಳನ್ನು ಆಕೆ ನ್ಯೂಯಾರ್ಕಿನ ಸಂಶೋಧನಾಲಯವೊಂದರಲ್ಲಿ ಒಂದೊಂದಾಗಿ ಕಾಗದಕ್ಕೆ ಇಳಿಸಿದರು. ಅಟ್ಲಾಂಟಿಕ್ಕಿನ ನಡುವೆ ಹರಿದ ಬೆಟ್ಟಸಾಲಿನ ನಡುಬೆನ್ನಿನಲ್ಲಿ ಸೀಳಿದಂಥ ಕಣಿವೆ ಇದೆಯೆಂದು ಆ ಅಂಕೆಗಳಿಂದಲೇ ಆಕೆ ಕಂಡುಕೊಂಡಾಗ, ಇದು ಹೆಂಗಸರ ಮಾತು ಎಂದು ಮೊದಲು ತಳ್ಳಿಹಾಕಲಾಯಿತು. ಕಾಲ ಆಕೆಯನ್ನು ಸಮರ್ಥಿಸಿತು. 1957ರಲ್ಲಿ ಉತ್ತರ ಅಟ್ಲಾಂಟಿಕ್ಕಿನ, 1977ರಲ್ಲಿ ಇಡೀ ಪ್ರಪಂಚದ ಸಾಗರತಳದ ನಕ್ಷೆಗಳು ಹೊರಬಂದವು. ಅಂಕೆಗಳನ್ನು ತಪ್ಪಿಲ್ಲದೆ ಬರೆಯುವ ಕೆಲಸ ಕೀಳೆಂದು ಯಾರೂ ಭಾವಿಸಬೇಕಾಗಿಲ್ಲ.

ನಮ್ಮ ಕಡಲಿನ ಸ್ಥಿತಿ

ಇನ್ನು ನಮ್ಮ ನಾಡಿನ ಕಡೆಗೆ ನೋಡೋಣ. ಭಾರತದ ಕಡಲನ್ನು ಅಳೆಯುವ ಇಲಾಖೆ ಹೊಸದಲ್ಲ. 1874ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದ ಈ ಸಂಸ್ಥೆ 1954ರಲ್ಲಿ ಡೆಹರಾಡೂನಿಗೆ ಬಂದು, ನೌಕಾಪಡೆಯ ಆಶ್ರಯದಲ್ಲಿ ಇಂದಿಗೂ ದಕ್ಷತೆಯಿಂದ ಕೆಲಸ ಮಾಡುತ್ತಿದೆ. ಅದರ ನಕ್ಷೆಗಳ ನಿಖರತೆಯ ಬಗ್ಗೆ ನಮಗೆ ಗೌರವವುಂಟು. ಆದರೆ ಅವು ಮುಖ್ಯವಾಗಿ ಹಡಗುಗಳಿಗಾಗಿ ಮಾಡಿದವು. ಬೆಲೆ ಕೊಟ್ಟು ಕೊಳ್ಳತಕ್ಕವು, ಇಂಗ್ಲಿಷಿನಲ್ಲಿರುವವು. ಹಡಗಿನ ಕಪ್ತಾನನಿಗೆ ಬಂಡೆ ಎಂದರೆ ಅಪಾಯ, ದೂರವಿರತಕ್ಕ ಸ್ಥಳ. ಗಾಳದವನಿಗೆ ಅದೇ ಬಂಡೆ ಹೊಟ್ಟೆಪಾಡು, ಹತ್ತಿರ ಹೋಗತಕ್ಕ ಸ್ಥಳ. ಒಂದೇ ಕಲ್ಲನ್ನು ಇಬ್ಬರು ಎರಡು ಬಗೆಯಲ್ಲಿ ನೋಡುವಾಗ, ಒಬ್ಬನಿಗಾಗಿಯೇ ಮಾಡಿದ ನಕ್ಷೆ ಇನ್ನೊಬ್ಬನಿಗೆ ಪೂರ್ತಿ ಒದಗಲಾರದು.

ಪ್ರಪಂಚದ ಸಾಗರತಳದ ಉಚಿತ ನಕ್ಷೆ ಇಲ್ಲವೆ ಎಂದು ಕೇಳಬಹುದು. ಇದೆ. 2030ರೊಳಗೆ ಇಡೀ ಸಾಗರತಳವನ್ನು ಅಳೆದು ಮುಗಿಸಬೇಕೆಂಬ ಅಂತರರಾಷ್ಟ್ರೀಯ ಪ್ರಯತ್ನ 2017ರಲ್ಲಿ ಆರಂಭವಾಯಿತು. 2025ರ ಹೊತ್ತಿಗೆ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಮುಗಿದಿತ್ತು. ಅದರ ಆಧಾರದ ಮೇಲೆ ಸಿದ್ಧವಾದ ಉಚಿತ ನಕ್ಷೆಯ ಒಂದೊಂದು ಚೌಕ ಸುಮಾರು 450 ಮೀಟರ್ ಉದ್ದ, ಅಷ್ಟೇ ಅಗಲ. ವಿಜಯದುರ್ಗದಿಂದ ನೂರು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ನೀರಿನೊಳಗೇ ಎದ್ದು ನಿಂತಿರುವ, ಮರಾಠರ ನೌಕಾನಾಯಕ ಕಾನ್ಹೋಜಿ ಆಂಗ್ರೆಯ ಹೆಸರು ಪಡೆದ ಆಂಗ್ರಿಯಾ ದಿಬ್ಬದಂಥ ದೊಡ್ಡ ಎತ್ತರವನ್ನು ಅದು ತೋರಿಸೀತು. ಆದರೆ ಹುಟ್ಟು ಹಾಕುವವನು ಅಲ್ಲಿಗೆ ಹೋಗುವನೆ? ಅವನಿಗೆ ಬೇಕಾದುದು ತನ್ನೂರಿನ ಎದುರಿಗೇ ಇರುವ ಇಪ್ಪತ್ತು ಮೀಟರ್ ಅಗಲದ ಕಲ್ಲು. ಆ ಚೌಕದೊಳಗೆ ಅಂಥ ಕಲ್ಲು ಎಲ್ಲಿ ಅಡಗಿತೋ ಯಾರು ಬಲ್ಲರು?

ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪಿತವಾದ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರದ ಕಾರ್ಯವನ್ನು ಇಲ್ಲಿ ಮೆಚ್ಚಿ ಹೇಳಬೇಕು. ಉಪಗ್ರಹಗಳ ಮೂಲಕ ಕಡಲಿನ ಮೇಲ್ಮೈಯ ಕಾವನ್ನೂ ನೀರಿನ ಹಸುರನ್ನೂ ಗಮನಿಸಿ, ಮೀನು ಕೂಡುವ ಸಂಭವವುಳ್ಳ ವಲಯಗಳನ್ನು ಅದು ಪ್ರಕಟಿಸುತ್ತದೆ. ಇಂಥ ಬಂದರಿನಿಂದ ಇಂಥ ದಿಕ್ಕಿಗೆ, ಇಷ್ಟು ದೂರ, ಇಷ್ಟು ಆಳ ಎಂದು ಆಯಾ ನಾಡಿನ ಭಾಷೆಯಲ್ಲೇ ತಿಳಿಸುತ್ತದೆ. ವಿಜ್ಞಾನವನ್ನು ಮೀನುಗಾರನ ಭಾಷೆಯಲ್ಲಿ ಹೇಳುವುದು ಅಸಾಧ್ಯವೆಂಬ ವಾದಕ್ಕೆ ಇದೇ ಉತ್ತರ. ಆದರೆ ಅದು ಹೇಳುವುದು ಮೇಲ್ಮೈಯ ಮಾತು. ಆ ವಲಯ ದಿನದಿನಕ್ಕೆ ಸರಿಯುತ್ತದೆ, ಮೋಡ ಕವಿದರೆ ಉಪಗ್ರಹಕ್ಕೆ ಕಾಣುವುದಿಲ್ಲ. ಕಡಲಡಿಯ ಕಲ್ಲಾದರೋ ಇದ್ದಲ್ಲೇ ಇರುತ್ತದೆ. ಮೇಲಿನ ಮಾತಿಗೆ ಕೆಳಗಿನ ಮಾತನ್ನೂ ಕೂಡಿಸಿದರೆ ಸಣ್ಣ ದೋಣಿಯವನಿಗೆ ಪೂರ್ಣವಾದ ಉಪಕಾರ ಆದೀತು.

ತಂದೆಯ ನಕ್ಷೆ

‘ನಮ್ಮ ಮೀನುಗಾರರಿಗೆ ನಕ್ಷೆ ಬೇಕಿಲ್ಲ, ಅವರಿಗೆ ಕಡಲು ಅಂಗೈಯಲ್ಲಿದೆ’ ಎಂದು ಹೇಳುವವರುಂಟು. ಈ ಮಾತಿನಲ್ಲಿ ನಿಜವಿದೆ. ದಡದ ಮೇಲಿನ ಎರಡು ಗುರುತುಗಳು, ದೀಪಸ್ತಂಭ ಮತ್ತು ಅದರ ಹಿಂದಿನ ಗುಡ್ಡದ ತುದಿ ಎನ್ನೋಣ, ಒಂದೇ ಸಾಲಿಗೆ ಬರುವಂತೆ ದೋಣಿಯನ್ನು ನಡೆಸುವುದು. ಇನ್ನೊಂದು ದಿಕ್ಕಿನಲ್ಲಿ ಬೇರೆ ಎರಡು ಗುರುತುಗಳು ಸಾಲಿಗೆ ಬಂದಾಗ ನಿಲ್ಲಿಸುವುದು. ಆ ಎರಡು ಸಾಲುಗಳು ಕೂಡುವ ಬಿಂದುವಿನ ಕೆಳಗೆ ಕಲ್ಲಿದೆ. ಯಾವ ಯಂತ್ರವೂ ಇಲ್ಲದೆ ಕೈಗೂಡುವ ಈ ವಿದ್ಯೆ ಅತ್ಯಂತ ನಿಖರವಾದುದು. ತಿರುವನಂತಪುರದ ಕಡೆಯ ಕಟ್ಟುಮರದ ಮೀನುಗಾರರು ಕಡಲಡಿಯ ಬಂಡೆಗಳನ್ನು ‘ಪಾರು’ ಎಂದು ಕರೆದು, ಅವುಗಳಿಗೆ ಹೆಸರಿಟ್ಟು, ಈ ರೀತಿಯಿಂದಲೇ ತಲುಪುತ್ತ ಬಂದಿದ್ದಾರೆ. ನಮ್ಮ ಮೊಗವೀರರು, ಖಾರ್ವಿಗಳು, ಹರಿಕಂತ್ರರು ಇಂಥ ಅರಿವಿನಲ್ಲಿ ಯಾರಿಗೂ ಕಡಿಮೆಯಲ್ಲ.

ಆದರೆ ಈ ನಕ್ಷೆ ಇರುವುದು ಎಲ್ಲಿ? ಒಬ್ಬ ಮನುಷ್ಯನ ತಲೆಯಲ್ಲಿ. ಅದು ತಂದೆಯಿಂದ ಮಗನಿಗೆ ದೋಣಿಯ ಮೇಲೆ ಕುಳಿತಾಗ ದಾಟುತ್ತಿತ್ತು. ಆ ಮಗನು ಈಗ ಎಲ್ಲಿದ್ದಾನೆ? ಮಾಟುಂಗದ ಹೋಟೆಲಿನಲ್ಲಿ ಬೆಳಗಿನ ನಾಲ್ಕು ಗಂಟೆಗೆ ಇಡ್ಲಿಯ ಹಿಟ್ಟನ್ನು ತಟ್ಟೆಗೆ ಹೊಯ್ಯುತ್ತಿದ್ದಾನೆ. ಪುಣೆಯಲ್ಲಿ ಗಲ್ಲೆಯ ಮೇಲೆ ಕುಳಿತಿದ್ದಾನೆ. ಫೋರ್ಟಿನ ಕಚೇರಿಯಲ್ಲಿ ಕಡತ ತಿರುವುತ್ತಿದ್ದಾನೆ. ಅವನು ಊರು ಬಿಟ್ಟುದು ತಪ್ಪೆಂದು ನಾವು ಹೇಳುವುದಿಲ್ಲ. ಮನೆಗೆ ಅವನು ಕಳುಹಿಸುವ ಹಣದಿಂದಲೇ ತಂಗಿಯರ ಮದುವೆಯಾಗಿದೆ, ಸೂರಿನ ಹಂಚು ಬದಲಾಗಿದೆ. ಆದರೆ ಅವನು ಹೊರಟುಬಂದ ದಿನ ತಂದೆಯ ತಲೆಯಲ್ಲಿದ್ದ ನಕ್ಷೆಯ ದಾರಿಯೂ ಕಡಿದುಹೋಯಿತು. ಹಿರಿಯನೊಬ್ಬನು ಕಣ್ಣು ಮುಚ್ಚಿದಾಗ ಎಷ್ಟು ಕಲ್ಲುಗಳ ಗುರುತು ಅವನೊಂದಿಗೆ ಹೋಯಿತೆಂಬುದನ್ನು ಯಾರೂ ಲೆಕ್ಕ ಇಟ್ಟಿಲ್ಲ. ಆಸ್ತಿಯ ದಸ್ತಾವೇಜು ಕಳೆದರೆ ಮನೆಮಂದಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಈ ದಸ್ತಾವೇಜು ಕಳೆದುದು ಯಾರಿಗೂ ತಿಳಿಯುವುದೇ ಇಲ್ಲ.

ಗುರುತಿಲ್ಲದ ಜಾಗ ಖಾಲಿ ಜಾಗ ಎನಿಸಿಕೊಳ್ಳುವ ಅಪಾಯವೂ ಇದರ ಜೊತೆಗಿದೆ. ಮುಂಬಯಿಯ ಓದುಗರು ಕರಾವಳಿ ರಸ್ತೆಯ ಪ್ರಕರಣವನ್ನು ಬಲ್ಲರು. ವರ್ಲಿ ಕೋಳಿವಾಡದ ಮೀನುಗಾರರು ತಮ್ಮ ದೋಣಿಗಳು ಹಾದುಹೋಗಲು ಸೇತುವೆಯ ಕಂಬಗಳ ನಡುವಿನ 60 ಮೀಟರ್ ಅಂತರ ಸಾಲದೆಂದು ಬಹುಕಾಲ ಹೋರಾಡಿದರು. 2022ರ ಕೊನೆಗೆ ಅದನ್ನು 120 ಮೀಟರಿಗೆ ಹೆಚ್ಚಿಸಲು ಸರಕಾರ ಒಪ್ಪಿತು. ರಸ್ತೆ ಬೇಕೇ ಬೇಡವೇ ಎಂಬುದು ಇಲ್ಲಿಯ ವಿಷಯವಲ್ಲ. ಎಂಜಿನಿಯರನ ಕಾಗದದಲ್ಲಿ ನೀರೆಂದು ಮಾತ್ರ ಬರೆದಿರುವ ಸ್ಥಳ ಕೋಳಿಯವರ ಲೆಕ್ಕದಲ್ಲಿ ದಾರಿಯಾಗಿತ್ತು, ಹೊಲವಾಗಿತ್ತು. ಆ ಲೆಕ್ಕ ಮೊದಲೇ ನಕ್ಷೆಯಲ್ಲಿದ್ದಿದ್ದರೆ ಅವರು ಅಷ್ಟು ಕಾಲ ಬೀದಿಯಲ್ಲಿ ನಿಂತು ವಾದಿಸಬೇಕಾಗಿ ಬರುತ್ತಿತ್ತೆ? ನಾಳೆ ನಮ್ಮ ಕರಾವಳಿಯಲ್ಲಿ ಹೊಸ ಬಂದರೋ ತಡೆಗೋಡೆಯೋ ಬಂದಾಗ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಾರದಿರದು.

ಮೂರು ಆಕ್ಷೇಪಗಳು

ನಮ್ಮ ಸಲಹೆಗೆ ಬರಬಹುದಾದ ಆಕ್ಷೇಪಗಳನ್ನು ನಾವು ಮರೆಮಾಚುವುದಿಲ್ಲ. ಮೊದಲನೆಯದು ದೇಶದ ರಕ್ಷಣೆ. ಕಡಲಡಿಯ ವಿವರಗಳು ಶತ್ರುವಿಗೂ ಒದಗುತ್ತವೆ ಎಂಬ ಅಳುಕು ನಿರಾಧಾರವಲ್ಲ. ನೌಕಾನೆಲೆಗಳ ಸುತ್ತಣ ನೀರಿನ ವಿವರವನ್ನು ಸರಕಾರ ತನ್ನಲ್ಲೇ ಇಟ್ಟುಕೊಳ್ಳಲಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಗಂಗೊಳ್ಳಿಯ ಎದುರಿನ ಹದಿನೈದು ಮೀಟರ್ ಆಳದ ಮರಳಬಯಲಿನಿಂದ ದೇಶಕ್ಕೆ ಯಾವ ಅಪಾಯ? 2022ರ ರಾಷ್ಟ್ರೀಯ ಭೂಪ್ರಾದೇಶಿಕ ಮಾಹಿತಿ ನೀತಿಯು ನೀರಿನಡಿಯ ನೆಲದ ವಿವರವಾದ ಮಾಹಿತಿಯನ್ನು 2035ರೊಳಗೆ ಸಿದ್ಧಪಡಿಸಬೇಕೆಂದು ಗುರಿಯಿಟ್ಟುಕೊಂಡಿದೆ. ಅಳೆಯುವ ನಿರ್ಧಾರ ಆಗಿದೆ ಎಂದಾಯಿತು. ಅಳೆದುದು ಯಾರಿಗೆ ತಲುಪಬೇಕು ಎಂಬುದೇ ಉಳಿದ ಪ್ರಶ್ನೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಮೀನಿನ ಮನೆಯ ವಿಳಾಸವನ್ನು ಎಲ್ಲರಿಗೂ ಹಂಚಿದರೆ ಆ ಮನೆ ಬರಿದಾಗದೆ? ಆಗಬಹುದು. ಬಂಡೆಯ ಮೀನುಗಳಲ್ಲಿ ಹಲವು ನಿಧಾನವಾಗಿ ಬೆಳೆಯುವವು. ಒಮ್ಮೆ ಬರಿದಾದ ಕಲ್ಲು ತುಂಬಲು ವರ್ಷಗಳೇ ಬೇಕು. ಆದರೆ ಒಂದು ಮಾತನ್ನು ಯೋಚಿಸಬೇಕು. ಗುಟ್ಟು ಈಗ ಯಾರಿಂದ ಗುಟ್ಟಾಗಿದೆ? ದೊಡ್ಡ ಬೋಟುಗಳಲ್ಲಿ ಮರುದನಿಯ ಯಂತ್ರವಿದೆ, ಉಪಗ್ರಹದಿಂದ ಸ್ಥಾನ ತಿಳಿಸುವ ಯಂತ್ರವಿದೆ. ಒಮ್ಮೆ ಕಂಡ ಕಲ್ಲಿನ ಗುರುತು ಅವುಗಳ ನೆನಪಿನಲ್ಲಿ ಉಳಿಯುತ್ತದೆ. ಗುಟ್ಟಾಗಿರುವುದು ಹುಟ್ಟು ಹಾಕುವವನಿಂದ ಮಾತ್ರ. ನಮ್ಮ ಕರಾವಳಿ ಇದರ ಪಾಠವನ್ನು ಹಿಂದೆಯೇ ಕಲಿತಿದೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆದು, ಬಂದುದನ್ನು ಪಾಲು ಹಂಚಿಕೊಳ್ಳುತ್ತಿದ್ದ ರಾಂಪಣಿ ಬಲೆ, 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಹೊಸ ವಿದ್ಯೆ ಬಂದುದು ತಪ್ಪಲ್ಲ. ಅದು ಮೊದಲು ಬಲ್ಲಿದನ ಕೈಗೆ ಬಂದು, ಬಡವನ ಕೈಗೆ ಬರುವಷ್ಟರಲ್ಲಿ ಕಾಲ ಮೀರಿದ್ದು ತಪ್ಪು.

ಆದುದರಿಂದ ನಕ್ಷೆಯ ಜೊತೆಗೆ ಮಿತಿಯೂ ಬರಬೇಕು. ಇಲ್ಲಿ ಲಾ ಹೊಯಾದ ಪಾಠವನ್ನು ನೆನೆಯಬೇಕು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಹವಳಕ್ಕೆ ದೇಶದ ವನ್ಯಜೀವಿ ಶಾಸನದ ರಕ್ಷಣೆಯುಂಟು. ಅಂಥ ತಾಣಗಳನ್ನು ನಕ್ಷೆಯಲ್ಲಿ ಬೇರೆ ಬಣ್ಣದಿಂದ ಗುರುತಿಸಿ, ಇಲ್ಲಿ ನೆಲವನ್ನು ಕೆರೆಯುವ ಬಲೆ ಕೂಡದು, ಇಲ್ಲಿ ಲಂಗರು ಇಳಿಸಕೂಡದು ಎಂದು ಬರೆಯಬೇಕು. ದಡದ ಹತ್ತಿರದ ನೀರನ್ನು ಸಣ್ಣ ದೋಣಿಗಳಿಗೆ ಕಾದಿರಿಸಲು 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಶಾಸನ ಅವಕಾಶ ಕೊಡುತ್ತದೆ. ಜೋಡಿ ಬೋಟಿನ ಬುಲ್ ಟ್ರಾಲಿಂಗನ್ನೂ ಎಲ್‌ಇಡಿ ದೀಪದ ಮೀನುಗಾರಿಕೆಯನ್ನೂ ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದೆ. ಶಾಸನಗಳಿಗೆ ಕೊರತೆಯಿಲ್ಲ, ಆದರೆ ಗಡಿ ಎಲ್ಲಿದೆ ಎಂಬುದು ಎಲ್ಲರ ಕಣ್ಣಿಗೂ ಕಾಣುವ ನಕ್ಷೆಯಲ್ಲಿ ಇಲ್ಲದಿದ್ದರೆ, ಅದನ್ನು ದಾಟಿದವನನ್ನು ಬಡ ದೋಣಿಯವನು ಬೊಟ್ಟುಮಾಡಿ ತೋರಿಸುವುದು ಹೇಗೆ?

ಮೂರನೆಯ ಆಕ್ಷೇಪ ಮೀನುಗಾರನದೇ: ‘ನನ್ನ ಅಜ್ಜ ಕಂಡುಹಿಡಿದ ಕಲ್ಲನ್ನು ಊರಿಗೆಲ್ಲ ಏಕೆ ಹೇಳಲಿ?’ ಈ ಮಾತನ್ನು ನಾವು ಗೌರವಿಸುತ್ತೇವೆ. ಸರಕಾರ ತನ್ನ ಹಣದಿಂದ ಅಳೆದುದು ಸಾರ್ವಜನಿಕವಾಗಲಿ. ಹಿರಿಯರ ತಲೆಯಲ್ಲಿರುವ ಗುರುತುಗಳು ಅವರವರ ಸ್ವತ್ತು. ಅವನ್ನು ಬರೆದಿಡುವುದಾದರೆ ಊರಿನ ಮೀನುಗಾರರ ಸಹಕಾರಿ ಸಂಘದ ಬೀಗದೊಳಗೆ, ಅವರ ಒಪ್ಪಿಗೆಯಿಂದ ಮಾತ್ರ ಬರೆದಿಡತಕ್ಕದ್ದು. ಕೇಳಿ ಪಡೆದ ಅರಿವನ್ನು ಹೇಳದೆ ಮಾರಿಕೊಂಡರೆ ಅದು ಕಳವು.

ನಕ್ಷೆಯನ್ನು ನಂಬಿದವರಿಗೆ ಒಂದು ಎಚ್ಚರಿಕೆ

ನಕ್ಷೆ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ತಿಳಿಸುವುದು ನಮ್ಮ ಕರ್ತವ್ಯ. ಬಂಡೆ ಅಲುಗುವುದಿಲ್ಲ, ಮರಳು ಅಲುಗುತ್ತದೆ. ನಮ್ಮ ಹೊಳೆಗಳು ಕಡಲು ಸೇರುವ ಅಳಿವೆಗಳಲ್ಲಿ ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಹೋದ ವರ್ಷದ ನಕ್ಷೆಯಲ್ಲಿ ಆಳವಿದ್ದ ಕಡೆ ಈ ವರ್ಷ ತೆರೆ ಒಡೆಯಬಹುದು. ಅಳಿವೆಯಲ್ಲಿ ದೋಣಿ ಮಗುಚಿ ಜೀವ ಕಳೆದುಕೊಂಡವರ ಸುದ್ದಿ ನಮ್ಮ ಓದುಗರಿಗೆ ಹೊಸದಲ್ಲ. ಹೀಗಾಗಿ ಅಳಿವೆಗಳನ್ನು ಮಳೆಗಾಲ ಮುಗಿದೊಡನೆ ಹೊಸದಾಗಿ ಅಳೆದು ಬಂದರಿನ ಹಲಗೆಯ ಮೇಲೆ ಪ್ರಕಟಿಸುವ ಏರ್ಪಾಡು ಎಲ್ಲಕ್ಕಿಂತ ಮೊದಲು ಆಗಬೇಕು. ನಕ್ಷೆ ಮೀನನ್ನು ತೋರಿಸುವುದು ಎರಡನೆಯ ಮಾತು. ಮೊದಲು ಅದು ಮನುಷ್ಯನನ್ನು ಮನೆಗೆ ತಲುಪಿಸಬೇಕು. ಹವಾಮಾನದ ಸೂಚನೆ ಕೇಳದೆ, ತೇಲುವ ಅಂಗಿ ತೊಡದೆ, ಎಲ್ಲಿಗೆ ಹೊರಟೆನೆಂದು ಮನೆಯವರಿಗೆ ಹೇಳದೆ ಕಡಲಿಗಿಳಿಯುವವನನ್ನು ಯಾವ ನಕ್ಷೆಯೂ ಕಾಯಲಾರದು. ರಜೆಯಲ್ಲಿ ಕಯಾಕ್ ಬಾಡಿಗೆಗೆ ಪಡೆದು ಉತ್ಸಾಹದಿಂದ ಹೊರಡುವ ನಮ್ಮ ತರುಣರಿಗೂ ಇದೇ ಮಾತು.

ಮಾಡಬೇಕಾದುದೇನು?

ಕರ್ನಾಟಕದ ಕರಾವಳಿ ಮುನ್ನೂರು ಕಿಲೋಮೀಟರಿಗೆ ತುಸು ಮಿಕ್ಕಿದ್ದು. ಅದರ ಎದುರಿನ ಹನ್ನೆರಡು ನೌಕಾಮೈಲು, ಎಂದರೆ ಸುಮಾರು 22 ಕಿಲೋಮೀಟರ್ ಅಗಲದ ನೀರು ಮೀನುಗಾರಿಕೆಯ ಮಟ್ಟಿಗೆ ರಾಜ್ಯದ ಆಡಳಿತಕ್ಕೆ ಒಳಪಟ್ಟಿದೆ. ಈ ಪಟ್ಟಿಯ ಅಳತೆ ಒಂದು ರಾಜ್ಯದ ಶಕ್ತಿಗೆ ಮೀರಿದ ಕೆಲಸವಲ್ಲ. ರಾಜ್ಯದ ಮೀನುಗಾರಿಕೆ ಇಲಾಖೆ ಡೆಹರಾಡೂನು ಮತ್ತು ಹೈದರಾಬಾದುಗಳ ಸಂಸ್ಥೆಗಳೊಡನೆ ಕೂಡಿ, ಊರೂರಿನ ಎದುರಿನ ಕಡಲಿಗೆ ಕನ್ನಡದ ನಕ್ಷೆಯನ್ನು ಸಿದ್ಧಪಡಿಸಬೇಕು. ಆಳವನ್ನು ಮೀಟರಿನಲ್ಲಿಯೂ ಮಾರಿನಲ್ಲಿಯೂ ಬರೆಯಬೇಕು. ಮರಳು, ಕೆಸರು, ಕಲ್ಲು ಎಂದು ನೇರವಾಗಿ ಹೇಳಬೇಕು. ಅದು ಕಾಗದದ ಮೇಲೂ ದೊರೆಯಬೇಕು, ಮೊಬೈಲಿನಲ್ಲೂ ದೊರೆಯಬೇಕು. ಅದಕ್ಕೆ ಬೆಲೆಯಿಡಕೂಡದು.

ಹೊರನಾಡಿನಲ್ಲಿರುವ ನಾವು ಸರಕಾರಕ್ಕೆ ಬುದ್ಧಿ ಹೇಳಿ ಕೈ ತೊಳೆದುಕೊಳ್ಳಬಹುದೆ? ನಮ್ಮಿಂದಲೂ ಆಗತಕ್ಕ ಕೆಲಸವುಂಟು. ಇಂಗ್ಲಿಷ್ ನಕ್ಷೆಯನ್ನು ಓದಬಲ್ಲ ಗುಮಾಸ್ತರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಒಂದು ನಕ್ಷೆಯ ಸಂಕೇತಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಊರಿನ ಸಹಕಾರಿ ಸಂಘಕ್ಕೆ ಕಳುಹಿಸುವುದು ಒಂದು ಭಾನುವಾರದ ಕೆಲಸ. ನಮ್ಮ ಸಂಘಗಳು ವಾರ್ಷಿಕೋತ್ಸವದಲ್ಲಿ ಯಕ್ಷಗಾನದ ಜೊತೆಗೆ ಇಂಥ ಒಂದು ಉಪನ್ಯಾಸವನ್ನು ಇಟ್ಟುಕೊಂಡರೆ ಖರ್ಚು ಹೆಚ್ಚಾಗದು. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಈ ಸಲ ರಜೆಯಲ್ಲಿ ಊರಿಗೆ ಹೋಗುವ ಹೋಟೆಲ್ ಕಾರ್ಮಿಕ ಬಂಧುಗಳು ಒಂದು ದಿನ ತಂದೆಯ ಬಳಿ ಕುಳಿತು, ಯಾವ ಕಲ್ಲು ಎಲ್ಲಿದೆ, ಯಾವ ಗುಡ್ಡಕ್ಕೆ ಯಾವ ಮರವನ್ನು ಸಾಲಿಗೆ ತಂದರೆ ಅದು ಸಿಗುತ್ತದೆ, ಯಾವ ತಿಂಗಳಲ್ಲಿ ಅಲ್ಲಿ ಯಾವ ಮೀನು ಎಂಬುದನ್ನು ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಹೊಲದ ಕಾಗದಗಳ ಜೊತೆಗೆ ಅದೂ ಇರಲಿ. ಸರಕಾರದ ಅಳತೆ ಬರುವ ಕಾಲಕ್ಕೆ ಬರುತ್ತದೆ. ಆದರೆ ಹಿರಿಯರು ಅಲ್ಲಿಯವರೆಗೆ ಕಾಯುತ್ತಾರೆಂಬ ಭರವಸೆಯಿಲ್ಲ.